ಅಮ್ಮನ ಮಣಿಕಟ್ಟು ಮತ್ತು ಹತ್ತಿರದ ಸಣ್ಣ ಆಸ್ಪತ್ರೆ

ಅಮ್ಮ ಬೆಳಗಿನ ಜಾವ ಬಚ್ಚಲುಮನೆ ಬಾಗಿಲಲ್ಲಿ ಬಿದ್ದು ಬಲಗೈ ಊರಿದಳು. ಕೈ ನೋಡಿದರೆ ಮುರಿದಿದೆ ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಮಣಿಕಟ್ಟಿನ ಮೇಲೆ ಒಂದು ಉಬ್ಬು, ಅದರ ಪಕ್ಕದಲ್ಲೇ ಒಂದು ತಗ್ಗು. ಫೋರ್ಕನ್ನು ಬೋರಲು ಹಾಕಿಟ್ಟ ಹಾಗೆ. ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಎಂದರೆ, ಹತ್ತಿರದ ಸಣ್ಣ ಆಸ್ಪತ್ರೆಯೋ, ದೂರದ ದೊಡ್ಡಾಸ್ಪತ್ರೆಯೋ? ತಮ್ಮ ಫೋನಿನಲ್ಲೇ ಪಟ್ಟು ಹಿಡಿದ. "ಸಣ್ಣ ಕಡೆ ಹೋದ್ರೆ ಅವರು ಕೊನೆಗೆ ಅಲ್ಲಿಗೇ ಕಳಿಸ್ತಾರೆ. ಸುಮ್ನೆ ಡಬಲ್ ಕೆಲಸ."

ಅವನ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ಕೆಲವಕ್ಕೆ ನೇರವಾಗಿ ದೊಡ್ಡಾಸ್ಪತ್ರೆಗೇ ಹೋಗಬೇಕು. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಬಂದರೆ, ಎದೆ ಹಿಡಿದುಕೊಂಡರೆ, ಮಾತು ತೊದಲಿ ಬಾಯಿ ಸೊಟ್ಟಗಾದರೆ, ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದರೆ ಯೋಚನೆ ಮಾಡುತ್ತಾ ಕೂರಬಾರದು. ಸ್ಕ್ಯಾನ್, ಆಪರೇಷನ್ ಥಿಯೇಟರ್, ತಜ್ಞರು ಹಗಲೂ ರಾತ್ರಿ ಇರುವ ಜಾಗ ಬೇಕು. ಚರ್ಮ ಹರಿಯದೆ ಒಳಗೇ ಮುರಿದ ಮಣಿಕಟ್ಟಿಗೆ ಅಷ್ಟೆಲ್ಲ ಬೇಡ. ಎಕ್ಸ್‌ರೇ ಮಷಿನ್, ಮೂಳೆ ಕೂರಿಸಲು ಬರುವ ಡಾಕ್ಟರು, ಪ್ಲಾಸ್ಟರ್ ಇದ್ದರೆ ಸಾಕು. ಫೋನ್ ಮಾಡಿ ಎರಡೇ ಮಾತು ಕೇಳಿದೆ. ಎಕ್ಸ್‌ರೇಯವರು ಈಗ ಇದ್ದಾರಾ? ಮೂಳೆ ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿತು. ಒಂದು ಮಡಚಿದ ಪತ್ರಿಕೆಯನ್ನು ಕೈಯ ಅಡಿಗೆ ಕೊಟ್ಟು, ಟವೆಲ್ ಸುತ್ತಿ, ಕತ್ತಿಗೆ ಜೋಳಿಗೆ ಕಟ್ಟಿ ಹೊರಟೆವು. ಅಮ್ಮ ದಿನಾ ನುಂಗುವ ಮಾತ್ರೆಗಳ ಶೀಟುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡೆ. ಆ ಕವರು ಕಾಗದಪತ್ರಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಚೀಟಿ ಮಾಡಿಸುವ ಕೌಂಟರಿನಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಹೆಸರು, ವಯಸ್ಸು, ವಿಳಾಸ, ಹಿಂದೆ ಬಂದಿದ್ದೀರಾ ಅನ್ನುವ ಪ್ರಶ್ನೆ. ಅದಾದ ಮೇಲೆ ಎಮರ್ಜೆನ್ಸಿ ಬಾಗಿಲ ಪಕ್ಕದ ಬೆಂಚು.

ಅಲ್ಲಿ ಕೂತಾಗ ಗಲಾಟೆ ಶುರುವಾಯಿತು. ನಮಗಿಂತ ಮೊದಲೇ ಬಂದು ಕೂತಿದ್ದ ಒಬ್ಬರು ಕಾಲಿನ ಗಾಯಕ್ಕೆ ಬಟ್ಟೆ ಒತ್ತಿಕೊಂಡಿದ್ದರು. ಅಷ್ಟರಲ್ಲಿ ಒಂದು ಮಗುವನ್ನು ಎತ್ತಿಕೊಂಡು ಬಂದ ದಂಪತಿಯನ್ನು ನೇರ ಒಳಗೆ ಬಿಟ್ಟರು. ಗಾಯದವರಿಗೆ ಸಿಟ್ಟು ಬಂತು. "ನಾವೇನು ಗೊಂಬೆಗಳಾ ಇಲ್ಲಿ?" ಅಂತ ಕೂಗಿದರು. ಬಾಗಿಲಲ್ಲಿದ್ದ ನರ್ಸ್ ಮಾತೇ ಆಡದೆ ಒಳಗೆ ಹೋದರು. ಆಮೇಲೆ ಅವರು ಅಮ್ಮನ ಬಿ.ಪಿ. ನೋಡಲು ಬಂದಾಗ ನಾನು ಮೆಲ್ಲಗೆ ಕೇಳಿದೆ, "ಸಿಸ್ಟರ್, ಆ ಮಗೂಗೆ ಏನಾಗಿತ್ತು?" "ಉಸಿರಾಡೋವಾಗ ಪಕ್ಕೆ ಒಳಗೆ ಎಳ್ಕೊಳ್ತಿತ್ತು ನೋಡಿ. ಅಂಥವರನ್ನ ಕಾಯಿಸೋ ಹಾಗಿಲ್ಲ" ಅಂದರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಕೆಂಪು, ಹಳದಿ, ಹಸಿರು ಅಂತ ಮೂರು ಗುರುತು. ಮಗು ಕೆಂಪು. ನಾವು ಹಳದಿ. ಕಾಲಿನ ಗಾಯ ಹಸಿರು.

ಹೀಗೆ ಬಂದ ಹೊತ್ತು ನೋಡದೆ ಕಾಯಿಲೆಯ ತೀವ್ರತೆ ನೋಡಿ ಸಾಲು ಮಾಡುವುದು ಇನ್ನೂರು ವರ್ಷ ಹಳೆಯ ಪದ್ಧತಿ. ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲ್ಯಾರೆ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಹೀಗೆ ವಿಂಗಡಿಸುತ್ತಿದ್ದರು. ಅವರ ಹುದ್ದೆ, ಅಂತಸ್ತು ಏನೇ ಇರಲಿ, ಗಾಯ ಎಷ್ಟು ಜೋರು ಅನ್ನುವುದಷ್ಟೇ ಲೆಕ್ಕ. ಬೆಂಚಿನ ಮೇಲೆ ಕೂತವರಿಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದರೆ ಆ ಕೂಗಾಟ ಇರುತ್ತಿರಲಿಲ್ಲ. ಗೋಡೆಗೆ ಒಂದು ಬೋರ್ಡ್ ಹಾಕಿದ್ದರೂ ಸಾಕಿತ್ತು. ಈ ಆಸ್ಪತ್ರೆಯ ಬಗ್ಗೆ ನನಗಿರುವ ತಕರಾರೆಲ್ಲ ಇಷ್ಟೇ. ಕೆಲಸ ಗಟ್ಟಿ, ಮಾತು ಕಮ್ಮಿ. ಯಾಕೆ ಅಂತ ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಕೇಳದಿದ್ದರೆ ಮುಂದೆ ನಡೆಯಿರಿ ಅಷ್ಟೆ. ನಾನು ಅವತ್ತಿನಿಂದ ಎಲ್ಲದಕ್ಕೂ "ಯಾಕೆ?" ಅಂತ ಕೇಳುವವರ ಜಾತಿಗೆ ಸೇರಿಬಿಟ್ಟೆ.

ನರ್ಸ್ ಅಮ್ಮನಿಗೆ ಕೇಳಿದರು, "ಅಮ್ಮಾ, ನೋವು ಎಷ್ಟಿದೆ? ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗ್ತಿಲ್ಲ."

"ಎರಡಿರಬಹುದು" ಅಂದಳು ಅಮ್ಮ. ಯಾರಿಗೂ ತೊಂದರೆ ಕೊಡಬಾರದು ಅನ್ನುವುದು ಅವಳ ಹುಟ್ಟುಗುಣ. ಹಣೆಯ ಮೇಲೆ ಬೆವರು ಹನಿ ಸಾಲುಗಟ್ಟಿತ್ತು. ನರ್ಸ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಏನೂ ಹೇಳದೆ ಹಾಳೆಯಲ್ಲಿ 7 ಅಂತ ಬರೆದುಕೊಂಡರು. ನೋವಿನ ಇಂಜೆಕ್ಷನ್ ಬೇಗ ಸಿಕ್ಕಿತು.

ಆಮೇಲೆ ಉಂಗುರದ ಪ್ರಸಂಗ. ಅಮ್ಮನ ಉಂಗುರ ಬೆರಳು ಅಷ್ಟೊತ್ತಿಗಾಗಲೇ ಊದಿಕೊಂಡು, ಉಂಗುರ ಮಾಂಸದಲ್ಲಿ ಹೂತುಹೋಗಿತ್ತು. "ಇದನ್ನ ಈಗಲೇ ತೆಗೀಬೇಕು" ಅಂದರು ನರ್ಸ್. ಯಾಕೆ ಅಂತ ಕೇಳಿದೆ. ಊತ ಇನ್ನೂ ಏರುತ್ತದೆ, ಉಂಗುರ ಅಲ್ಲೇ ಇರುತ್ತದೆ, ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಕತ್ತರಿಸ್ತೀಯೇನಮ್ಮಾ? ಬೇಡ ಕಣೇ."

"ಇಲ್ಲಮ್ಮಾ, ಮೊದ್ಲು ದಾರ ಹಾಕಿ ನೋಡೋಣ."

ಗಾಯ ಹೊಲಿಯುವ ಉದ್ದನೆಯ ದಾರ ತಂದರು. ಅದರ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ಚಿಮಟಿಯಲ್ಲಿ ಎಳೆದುಕೊಂಡರು. ಉಳಿದ ದಾರವನ್ನು ಉಂಗುರಕ್ಕೆ ತಾಗಿದಂತೆ ಶುರುಮಾಡಿ ಗೆಣ್ಣು ದಾಟುವವರೆಗೂ ಬೆರಳಿಗೆ ಒತ್ತೊತ್ತಾಗಿ ಸುತ್ತಿದರು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಚರ್ಮ ಕಾಣಬಾರದು. ಬೆರಳು ಅಷ್ಟರಮಟ್ಟಿಗೆ ಕಿರಿದಾಯಿತು. ಮೇಲೆ ಸ್ವಲ್ಪ ಜೆಲ್ಲಿ ಸವರಿ, ಅಂಗೈ ಕಡೆಯ ತುದಿಯನ್ನು ಹಿಡಿದು ನಿಧಾನಕ್ಕೆ ಬಿಚ್ಚುತ್ತಾ ಬಂದರು. ಒಂದೊಂದು ಸುತ್ತು ಬಿಚ್ಚಿದಾಗಲೂ ಉಂಗುರ ಒಂದೊಂದು ಹೆಜ್ಜೆ ಮುಂದೆ ಬಂತು. ಗೆಣ್ಣಿನ ಹತ್ತಿರ ಅಮ್ಮ ಹಲ್ಲು ಕಚ್ಚಿದಳು. ಮರುಕ್ಷಣ ಉಂಗುರ ನರ್ಸ್ ಅಂಗೈಯಲ್ಲಿತ್ತು. ಬೆರಳ ಮೇಲೆ ದಾರದ ಗೆರೆಗಳು ಮಾತ್ರ ಉಳಿದವು. ಬಿದ್ದು ಕೈಗೆ ಪೆಟ್ಟಾದರೆ ಮನೆಯಲ್ಲೇ, ಊದುವ ಮೊದಲೇ, ಉಂಗುರ ಬಳೆ ಗಡಿಯಾರ ಎಲ್ಲ ತೆಗೆದುಬಿಡಿ ಅಂತ ಅವರು ಹೇಳಿದ್ದನ್ನು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಡ್ಯೂಟಿ ಡಾಕ್ಟರು ಇನ್ನೂ ಎಳೇ ವಯಸ್ಸಿನವರು. ಅವರು ಕೈಯನ್ನು ಮುಟ್ಟುವ ಮೊದಲೇ ಕೇಳಿದ್ದು, "ಜಾರಿ ಬಿದ್ರಾ, ತಲೆ ಸುತ್ತಿ ಬಿದ್ರಾ?" ನಾವೆಲ್ಲ ಜಾರಿದ್ದು ಅಂತಲೇ ತಿಳಿದಿದ್ದೆವು. ಅಮ್ಮ ಸ್ವಲ್ಪ ಯೋಚಿಸಿ, "ಎದ್ದು ನಾಲ್ಕು ಹೆಜ್ಜೆ ಇಟ್ಟೆ. ಕಣ್ಣು ಕಪ್ಪಾಯ್ತು ಅನ್ಸುತ್ತೆ" ಅಂದಳು. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ! ಡಾಕ್ಟರು ಮಲಗಿಸಿ ಬಿ.ಪಿ. ನೋಡಿದರು. ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ನೋಡಿದರು. ಮೂರು ನಿಮಿಷಕ್ಕೆ ಮತ್ತೆ ನೋಡಿದರು. ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿದಿತ್ತು. ಎದ್ದು ನಿಂತ ಮೂರು ನಿಮಿಷದೊಳಗೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದನ್ನು ಗಂಭೀರವಾಗಿ ತಗೊಳ್ಳಬೇಕಂತೆ. ಮಾತ್ರೆಗಳ ಕವರು ಕೇಳಿದರು. ಒಂದೊಂದೇ ಶೀಟು ತಿರುಗಿಸಿ ನೋಡಿ, ಇತ್ತೀಚೆಗೆ ಬಿ.ಪಿ. ಮಾತ್ರೆ ಜಾಸ್ತಿ ಮಾಡಿದ್ದಾರಾ ಅಂತ ವಿಚಾರಿಸಿದರು. ಮಾಡಿದ್ದರು. ಫಿಸಿಷಿಯನ್ ಹತ್ತಿರ ಮಾತಾಡಿ ಅದನ್ನು ಕಮ್ಮಿ ಮಾಡಿಸಿದರು.

ಕೈ ಮುರಿದು ಬಂದವರ ಕೈಯನ್ನಷ್ಟೇ ನೋಡಿ ಕಳಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅಮ್ಮ ಇನ್ನೊಂದು ಸಲ ಬೀಳುತ್ತಿದ್ದಳು, ಅಷ್ಟೆ. ದೊಡ್ಡ ಮಷಿನ್ ಏನೂ ಬೇಕಾಗಿರಲಿಲ್ಲ ಇದಕ್ಕೆ. ಬಿ.ಪಿ. ಪಟ್ಟಿ, ಗಡಿಯಾರ, ಕೇಳುವ ವ್ಯವಧಾನ. ಅವತ್ತಿನ ಇಡೀ ದಿನದಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ.

ಆಮೇಲೆ ಕೈ. ಹೆಬ್ಬೆರಳು ಮೇಲೆತ್ತಿ ಅಂದರು. ತೋರುಬೆರಳು, ಹೆಬ್ಬೆರಳು ಸೇರಿಸಿ ಉಂಗುರ ಮಾಡಿ ಅಂದರು. ಐದೂ ಬೆರಳು ಅಗಲಿಸಿ ಅಂದರು. ಅಮ್ಮನಿಗೆ ಇದೇನು ಆಟ ಅನ್ನಿಸಿತು. ಮೂರು ಸನ್ನೆಗೆ ಮೂರು ಬೇರೆ ಬೇರೆ ನರ, ಯಾವುದಕ್ಕಾದರೂ ಪೆಟ್ಟಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ ಅಂತ ಕೇಳಿದ ಮೇಲೆ ಹೇಳಿದರು. ಮೊಣಕೈ, ಭುಜ, ಸೊಂಟದ ಮೂಳೆ ಕೂಡ ಒತ್ತಿ ನೋಡಿದರು. ಕೈ ಊರಿ ಬಿದ್ದವರ ನೋವೆಲ್ಲ ಮಣಿಕಟ್ಟಿನ ಕಡೆಗೇ ಇರುತ್ತದೆ, ಮೇಲೆಲ್ಲೋ ಇನ್ನೊಂದು ಬಿರುಕು ಬಿಟ್ಟಿದ್ದರೂ ಗಮನಕ್ಕೆ ಬರುವುದಿಲ್ಲ. "ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದಾರಾ?" ಅಂತಲೂ ಕೇಳಿದರು. ಅಕಸ್ಮಾತ್ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಹಾಗಾಗಿ ಮೂಳೆ ಮುರಿದಿದೆ ಅನ್ನುವ ಅನುಮಾನ ಇದ್ದರೆ, ಪಾಪ ಸುಸ್ತಾಗಿದ್ದಾರೆ ಅಂತ ದಾರಿಯಲ್ಲಿ ಏನನ್ನೂ ತಿನ್ನಿಸಬಾರದು.

ಎಕ್ಸ್‌ರೇ ರೂಮು ತಣ್ಣಗಿತ್ತು. ಟೆಕ್ನಿಷಿಯನ್ ಕೈಯನ್ನು ಅಂಗೈ ಕೆಳಗಾಗಿ ಇಟ್ಟು ಒಂದು ಚಿತ್ರ ತೆಗೆದರು, ಕಿರುಬೆರಳ ಅಂಚಿನ ಮೇಲೆ ನಿಲ್ಲಿಸಿ ಇನ್ನೊಂದು. ಕೈ ತಿರುಗಿಸುವಾಗ ಅಮ್ಮನಿಗೆ ನೋವಾಯಿತು. ಒಂದೇ ಸಾಲದಾ ಅಂತ ನಾನು ಕೇಳಿದೆ. ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುವ ಮೂಳೆ ಪಕ್ಕದಿಂದ ನೋಡಿದರೆ ಹಿಂದಕ್ಕೆ ವಾಲಿರಬಹುದು. ಎರಡು ಕಡೆಯಿಂದ ನೋಡದೆ ಮೂಳೆ ಕೂರಿಸಲು ಹೊರಡುವವರು ಯಾರೂ ಇಲ್ಲ. ವಿಕಿರಣದ ಭಯ ಇದ್ದವರಿಗೆ ಒಂದು ಮಾತು. ಕೈ ಕಾಲಿನ ಎಕ್ಸ್‌ರೇಯಲ್ಲಿ ಮೈಗೆ ತಾಗುವುದು, ಸುಮ್ಮನೆ ಕೂತಿದ್ದರೂ ಕೆಲವು ಗಂಟೆಗಳಲ್ಲಿ ಭೂಮಿ ಆಕಾಶದಿಂದ ಬರುವಷ್ಟೇ ವಿಕಿರಣ.

ಉಂಗುರ ತೆಗೆಸಿದ್ದು ಎಕ್ಸ್‌ರೇಗೂ ಒಳ್ಳೆಯದಾಯಿತು. ಲೋಹ ಅಡ್ಡ ಬಂದರೆ ಅದರ ಹಿಂದಿನ ಮೂಳೆ ಕಾಣುವುದಿಲ್ಲ. ತಮಾಷೆ ಏನೆಂದರೆ, ಚರಿತ್ರೆಯಲ್ಲೇ ತುಂಬಾ ಹೆಸರಾದ ಎಕ್ಸ್‌ರೇ ಚಿತ್ರದಲ್ಲಿ ಉಂಗುರ ಹಾಗೇ ಇದೆ. 1895ರ ಡಿಸೆಂಬರಿನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ತನ್ನ ಹೆಂಡತಿ ಆನಾ ಬರ್ಥಾಳ ಕೈಯ ಚಿತ್ರ ತೆಗೆದಾಗ, ಮೂಳೆಗಳ ನಡುವೆ ಅವಳ ಉಂಗುರ ಕಪ್ಪು ಗುಂಡಗೆ ಮೂಡಿತ್ತು. ಅದಕ್ಕೂ ಎಂಬತ್ತೊಂದು ವರ್ಷ ಮೊದಲು, 1814ರಲ್ಲಿ, ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲ್ಸ್ ಅಮ್ಮನಿಗೆ ಆದಂಥದ್ದೇ ಮುರಿತವನ್ನು ವಿವರವಾಗಿ ಬರೆದಿದ್ದರು. ಎಕ್ಸ್‌ರೇ ಇಲ್ಲದ ಕಾಲ. ಕೈಯ ಆಕಾರ ನೋಡಿ, ಮುಟ್ಟಿ ಹೇಳಿದ್ದು. ಇವತ್ತಿಗೂ ಡಾಕ್ಟರುಗಳು ಇದನ್ನು ಕಾಲ್ಸ್ ಫ್ರ್ಯಾಕ್ಚರ್ ಅಂತಲೇ ಕರೆಯುತ್ತಾರೆ.

ಮೂಳೆ ಡಾಕ್ಟರು ಹೇಳಿದ ಹೊತ್ತಿಗಿಂತ ತಡವಾಗಿ ಬಂದರು. ಬಂದವರು ಎಕ್ಸ್‌ರೇಯನ್ನು ಸ್ಕ್ರೀನಿನ ಮೇಲೆ ಹಾಕಿ ನೋಡಿದರು. ಅವರದ್ದೂ ಮೌನವೇ. "ಡಾಕ್ಟ್ರೇ, ನಮಗೂ ಸ್ವಲ್ಪ ತೋರಿಸಿ" ಅಂದೆ. ತಕ್ಷಣ ಸ್ಕ್ರೀನು ನಮ್ಮ ಕಡೆ ತಿರುಗಿತು. ಮೂಳೆಯ ತುದಿ ಹಿಂದಕ್ಕೆ ವಾಲಿದೆ, ಆದರೆ ಬಿರುಕು ಕೀಲಿನ ಒಳಗೆ ಹೋಗಿಲ್ಲ. ಹಾಗಾಗಿ ಇಲ್ಲೇ ಎಳೆದು ಕೂರಿಸಬಹುದು. ಕೀಲು ಚೂರಾಗಿದ್ದರೆ ಪ್ಲೇಟ್ ಹಾಕಬೇಕಾಗುತ್ತಿತ್ತು. "ಅದು ಇಲ್ಲಿ ಆಗಲ್ಲ, ಆಗ ನಾನೇ ಕಳಿಸ್ತಿದ್ದೆ. ಈಗ ಕೂರಿಸಿದ್ದೂ ಮೊದಲ ಎರಡು ವಾರದಲ್ಲಿ ಜಾರಬಹುದು. ಜಾರಿದ್ರೆ ಆಗ್ಲೂ ಕಳಿಸ್ತೀನಿ" ಅಂದರು. ತಮ್ಮನಿಗೆ ಫೋನಿನಲ್ಲಿ ಇದನ್ನೇ ಒಪ್ಪಿಸಿದೆ. ಏನಾಗಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ. ಅವನೂ ಸುಮ್ಮನಾದ.

ಒಪ್ಪಿಗೆ ಪತ್ರಕ್ಕೆ ರೋಗಿಯ ಸಹಿ ಬೇಕು. ಸಹಿ ಹಾಕುವ ಕೈಯೇ ಮುರಿದಿದೆ. ಗುಮಾಸ್ತರು ಶಾಯಿಪ್ಯಾಡ್ ಮುಂದಿಟ್ಟು ಎಡಗೈ ಹೆಬ್ಬೆಟ್ಟು ಒತ್ತಿ ಅಂದರು. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಅವಳಿಗೆ ಮೂಳೆ ಮುರಿದದ್ದಕ್ಕಿಂತ ಇದೇ ಅವಮಾನವಾಯಿತು. ಪೆನ್ನು ಕಿತ್ತುಕೊಂಡು ಎಡಗೈಯಲ್ಲೇ ಸಹಿ ಹಾಕಿದಳು. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹೊರಟಿದ್ದವು. ಗುಮಾಸ್ತರು ನಗದೆ ತೆಗೆದುಕೊಂಡರು.

ಮುರಿದ ಜಾಗಕ್ಕೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಮೂಳೆ ಮುರಿದಾಗ ಸುತ್ತ ರಕ್ತ ಕಟ್ಟಿಕೊಂಡಿರುತ್ತದಲ್ಲ, ಸೂಜಿ ಅಲ್ಲಿಗೇ ಇಳಿಯುತ್ತದೆ. ಪೂರ್ತಿ ಮಂಪರು ಬರಿಸುವ ಅಗತ್ಯ ಬೀಳಲಿಲ್ಲ. ಸ್ವಲ್ಪ ಹೊತ್ತು ಕಾದು, ಅಟೆಂಡರ್ ಅಮ್ಮನ ಮೊಣಕೈ ಮೇಲ್ಭಾಗ ಗಟ್ಟಿಯಾಗಿ ಹಿಡಿದುಕೊಂಡರು. ಡಾಕ್ಟರು ಬೆರಳುಗಳನ್ನು ಹಿಡಿದು ಎಳೆದರು. ಜೋರಾಗಿ ಒಂದು ಜಗ್ಗು ಎಳೆಯುತ್ತಾರೆ ಅಂತ ನಾನು ಕಣ್ಣುಮುಚ್ಚಿಕೊಂಡಿದ್ದೆ. ಹಾಗೇನೂ ಇಲ್ಲ. ಒಂದೇ ಸಮ, ನಿಮಿಷಗಟ್ಟಲೆ, ನಿಧಾನವಾಗಿ ಎಳೆಯುವುದು. ಬಿಗಿದುಕೊಂಡಿದ್ದ ಸ್ನಾಯು ಸಡಿಲವಾದ ಮೇಲೆ ಹೆಬ್ಬೆರಳಿನಿಂದ ಮೂಳೆಯ ತುದಿಯನ್ನು ಮುಂದಕ್ಕೆ ಒತ್ತಿದರು. ಕಟ್ ಅನ್ನುವ ಸಣ್ಣ ಸದ್ದು. ಉಬ್ಬು ಹೋಯಿತು.

ಪ್ಲಾಸ್ಟರ್ ಪಟ್ಟಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಂತ ಮೇಲೆ ಹಿಂಡಿ, ಹತ್ತಿ ಸುತ್ತಿದ ಕೈಗೆ ಹಾಕಿದರು. "ಅಯ್ಯೋ, ಬಿಸಿ ಆಗ್ತಿದೆ!" ಅಂದಳು ಅಮ್ಮ. ಆಗಲೇಬೇಕು. ಪ್ಲಾಸ್ಟರ್ ಪುಡಿ ಎಂದರೆ ಕಾಯಿಸಿ ನೀರಿನಂಶ ತೆಗೆದ ಜಿಪ್ಸಮ್. ನೀರು ಸಿಕ್ಕಿದಾಗ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತಾ ಶಾಖ ಬಿಡುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ತಣ್ಣಗಾಯಿತು. ಮುಟ್ಟಲು ಕಲ್ಲಿನಂತಿದ್ದರೂ ಒಳಗೆ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ಅಲ್ಲಿಯವರೆಗೆ ಗಟ್ಟಿ ಜಾಗದ ಮೇಲೆ ಊರಿದರೆ ತಗ್ಗು ಬಿದ್ದು ಒಳಗೆ ಚರ್ಮ ಒತ್ತುತ್ತದೆ. ಕೆಳಗೆ ದಿಂಬು ಇಡಬೇಕು.

ಅವತ್ತು ಹಾಕಿದ್ದು ಅರ್ಧ ಪ್ಲಾಸ್ಟರ್. ಕೈಯ ಒಂದು ಬದಿಗೆ ಮಾತ್ರ ಗಟ್ಟಿ ಪಟ್ಟಿ, ಸುತ್ತ ಬಟ್ಟೆಯ ಬ್ಯಾಂಡೇಜ್. ಪೂರ್ತಿ ಹಾಕದೆ ಅರ್ಧಕ್ಕೇ ಬಿಟ್ಟರಲ್ಲ ಅಂತ ನನಗೆ ಅನುಮಾನ. ಊತ ಇನ್ನೂ ಏರುವುದಿದೆ, ಸುತ್ತಲೂ ಗಟ್ಟಿ ಕವಚ ಹಾಕಿದರೆ ಊತಕ್ಕೆ ಜಾಗ ಎಲ್ಲಿದೆ? ರಕ್ತನಾಳ, ನರ ಒತ್ತಿಕೊಳ್ಳುತ್ತವೆ. ಇದು ಉತ್ತರ. ಇದರ ಬೆಲೆ ಆ ರಾತ್ರಿಯೇ ಗೊತ್ತಾಯಿತು.

ಮನೆಗೆ ಕಳಿಸುವಾಗಿನ ಹೊತ್ತಿನ ಬಗ್ಗೆ ಮಾತ್ರ ನನಗೆ ನಿಜಕ್ಕೂ ಬೇಸರವಿದೆ. ಮಧ್ಯಾಹ್ನ ಪಾಳಿ ಬದಲಾಗುವ ಸಮಯ. ಹೊಸಬರೊಬ್ಬರು ಬಂದು, "ಕೈ ಮೇಲಿರಲಿ, ನೆನೆಸಬೇಡಿ, ಬೆರಳು ಆಡಿಸಿ, ಏನಾದ್ರೂ ಆದ್ರೆ ಬನ್ನಿ" ಅಂತ ಒಂದೇ ಉಸಿರಿಗೆ ಹೇಳಿ ಹೊರಟರು. ಏನಾದ್ರೂ ಅಂದರೆ ಏನು? ಎಷ್ಟು ಮೇಲಿರಬೇಕು? ನಾನು ಹಿಂದೆಯೇ ಹೋಗಿ, ಚೀಟಿಯ ಹಿಂದೆ ಬರೆದುಕೊಂಡೆ. ಕೈ ಎದೆಯ ಮಟ್ಟಕ್ಕಿಂತ ಮೇಲಿರಬೇಕು, ಮಲಗಿದಾಗಲೂ. ಉಗುರನ್ನು ಒತ್ತಿ ಬಿಟ್ಟರೆ ಬಿಳಿ ಹೋಗಿ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದು ಬಿಡದಿದ್ದರೆ, ಬೆರಳು ಚಾಚಿದಾಗ ಜೀವ ಹೋಗುವಷ್ಟು ನೋವಾದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ, ಬೆಳಗಾಗಲಿ ಅಂತ ಕಾಯಬಾರದು. ಇಷ್ಟನ್ನು ಅಚ್ಚು ಮಾಡಿದ ಒಂದು ಹಾಳೆಯಲ್ಲಿ ಕೊಡಲು ಏನು ಕಷ್ಟ?

ರಾತ್ರಿ ಅಮ್ಮನ ಬೆರಳುಗಳು ಜೋಮು ಹಿಡಿದವು. ದಿಂಬು ಏರಿಸಿದರೂ ಬಿಡಲಿಲ್ಲ. ಉಗುರು ಒತ್ತಿದರೆ ಬಣ್ಣ ಬರುವುದು ತಡವಾಗುತ್ತಿತ್ತು. ಹೊರಟೆವು. ರಾತ್ರಿ ಪಾಳಿಯಲ್ಲಿ ಒಬ್ಬ ಡಾಕ್ಟರು, ಇಬ್ಬರು ನರ್ಸ್. ಬ್ಯಾಂಡೇಜನ್ನು ಉದ್ದಕ್ಕೂ ಕತ್ತರಿಸಿ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಬಿಡಿಸಿದರು. ಗಟ್ಟಿ ಪಟ್ಟಿ ಹಾಗೇ ಕೈಗೆ ಆನಿಕೊಂಡಿತ್ತು, ಮೂಳೆ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳುಗಳು ಕೆಂಪಗೆ, ಬೆಚ್ಚಗೆ ಆದವು. ಜೋಮು ಇಳಿಯಿತು. ಒಂದು ತಾಸು ನೋಡಿಕೊಂಡು, ಸಡಿಲವಾಗಿ ಮತ್ತೆ ಸುತ್ತಿ ಕಳಿಸಿದರು. ಸಣ್ಣ ಆಸ್ಪತ್ರೆ ಹತ್ತಿರ ಇರುವುದರ ಅರ್ಥ ನನಗೆ ಹೊಳೆದದ್ದು ಆ ಹೊತ್ತಿನಲ್ಲಿ. ದೂರದ ಜಾಗಕ್ಕಾಗಿದ್ದರೆ "ಬೆಳಗ್ಗೆ ನೋಡೋಣ" ಅನ್ನುವ ಮಾತು ಖಂಡಿತ ಬರುತ್ತಿತ್ತು.

ಆಮೇಲಿನದು ಓಪಿಡಿಯ ದಾರಿ. ಮೂಳೆ ಡಾಕ್ಟರು ವಾರದಲ್ಲಿ ಗೊತ್ತಾದ ದಿನ ಮಾತ್ರ ಕೂರುತ್ತಾರೆ. ಆ ದಿನ ಕಾರಿಡಾರ್ ತುಂಬಾ ಕಟ್ಟು ಹಾಕಿದ ಕೈಕಾಲುಗಳೇ. ಒಂದು ಉಪಾಯ ಕಲಿತೆ. ಮೊದಲೇ ಎಕ್ಸ್‌ರೇ ಬೇಕಾಗುತ್ತದಾ ಅಂತ ಕೇಳಿ ಬರೆಸಿಕೊಂಡು, ಅದನ್ನು ತೆಗೆಸಿಕೊಂಡೇ ಕ್ಯೂನಲ್ಲಿ ಕೂರಬೇಕು. ಇಲ್ಲವಾದರೆ ಡಾಕ್ಟರ ಹತ್ತಿರ ಒಮ್ಮೆ, ಎಕ್ಸ್‌ರೇ ಹತ್ತಿರ ಒಮ್ಮೆ, ಮತ್ತೆ ಡಾಕ್ಟರ ಹತ್ತಿರ ಅಂತ ಮೂರು ಕ್ಯೂ. ಮೂಳೆ ಚೂರೇ ಚೂರು ವಾಲಿತ್ತು. ಡಾಕ್ಟರು ಸ್ಕ್ರೀನಿನ ಮೇಲೆ ಕೋನ ಅಳೆದು, ಅಮ್ಮನ ವಯಸ್ಸಿಗೆ ಇಷ್ಟು ನಡೆಯುತ್ತದೆ, ಕೈ ಕೆಲಸಕ್ಕೆ ತೊಂದರೆ ಆಗಲ್ಲ ಅಂದರು. ಊತ ಇಳಿದಿದ್ದರಿಂದ ಪೂರ್ತಿ ಪ್ಲಾಸ್ಟರ್ ಹಾಕಿದರು.

ಪ್ಲಾಸ್ಟರ್ ಹಾಕಿರುವ ವಾರಗಳಲ್ಲಿ ಕೈಗೆ ಪೂರ್ತಿ ವಿಶ್ರಾಂತಿ ಕೊಡಬೇಕು ಅಂತ ಮನೆಗೆ ಬಂದವರೆಲ್ಲ ಹೇಳಿದರು. ಅಮ್ಮನಿಗೂ ಅದೇ ಹಿತವಾಗಿತ್ತು. ಪ್ಲಾಸ್ಟರಿನ ಒಳಗಿರುವ ಜಾಗ ಮಾತ್ರ ಅಲುಗಬಾರದು, ಅದರ ಎರಡು ಕಡೆ ಇರುವುದೆಲ್ಲ ದಿನಾ ಅಲುಗಬೇಕು ಅಂತ ಫಿಸಿಯೋಥೆರಪಿಯವರು ಗದರಿದ ಮೇಲೆಯೇ ದಾರಿಗೆ ಬಂದಳು. ಬೆರಳು ಪೂರ್ತಿ ಮಡಚು, ಪೂರ್ತಿ ಚಾಚು. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟು. ಮೊಣಕೈ ಮಡಚು. ಕೈ ತಲೆಯ ಮೇಲಕ್ಕೆ ಎತ್ತು. ಜೋಳಿಗೆಯಲ್ಲೇ ಕೈ ಇಟ್ಟುಕೊಂಡು ಕೂತವರ ಭುಜ ಬಿಗಿದುಹೋಗಿ, ಮೂಳೆ ಕೂಡಿದ ಮೇಲೂ ತಿಂಗಳುಗಟ್ಟಲೆ ಬಾಚಣಿಗೆ ಎತ್ತಲು ಆಗುವುದಿಲ್ಲವಂತೆ.

ಸುಮಾರು ಆರು ವಾರಕ್ಕೆ ಪ್ಲಾಸ್ಟರ್ ತೆಗೆದರು. ಗರಗಸದ ಸದ್ದಿಗೆ ಅಮ್ಮ ಬೆಚ್ಚಿಬಿದ್ದಳು. ಅಟೆಂಡರ್ ಓಡುತ್ತಿದ್ದ ಅಲಗನ್ನು ಲಘುವಾಗಿ ತಮ್ಮ ಅಂಗೈಗೇ ತಾಗಿಸಿ ತೋರಿಸಿದರು. ಏನೂ ಆಗಲಿಲ್ಲ. ಆ ಅಲಗು ತಿರುಗುವುದಿಲ್ಲ, ಬಹಳ ವೇಗವಾಗಿ ಆಚೆ ಈಚೆ ನಡುಗುತ್ತದೆ ಅಷ್ಟೆ. ಗಟ್ಟಿ ಪ್ಲಾಸ್ಟರ್ ಬಿರಿಯುತ್ತದೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅಲುಗಿ ಉಳಿದುಕೊಳ್ಳುತ್ತದೆ. ಅಮೆರಿಕದ ಮೂಳೆ ವೈದ್ಯ ಹೋಮರ್ ಸ್ಟ್ರೈಕರ್ 1940ರ ದಶಕದಲ್ಲಿ ಮಾಡಿದ ಯಂತ್ರ ಇದು. ಬಿಸಿಯಾಗುತ್ತದೆ ಅನ್ನುವುದು ನಿಜ, ಸುಟ್ಟ ಹಾಗಾದರೆ ತಕ್ಷಣ ಹೇಳಬೇಕು. ಒಳಗಿಂದ ಬಂದ ಕೈ ಬಡಕಲಾಗಿ, ಹೊಟ್ಟು ಹೊಟ್ಟಾಗಿತ್ತು. ಮಣಿಕಟ್ಟು ಅಲುಗಿಸು ಅಂದರೆ ಅಲುಗಲೇ ಇಲ್ಲ. ಅಲ್ಲಿಂದ ಫಿಸಿಯೋಥೆರಪಿ ಸರಿಯಾಗಿ ಶುರು. ಮೇಜಿನ ಅಂಚಿನಾಚೆ ಕೈ ಇಳಿಬಿಟ್ಟು ಮೇಲೆ ಕೆಳಗೆ, ಅಂಗೈ ಆಕಾಶಕ್ಕೆ, ಅಂಗೈ ನೆಲಕ್ಕೆ, ಬಟ್ಟೆ ಉಂಡೆ ಹಿಂಡುವುದು. ಬೇಸರದ ಕೆಲಸ. ಆ ಪುಟ್ಟ ರೂಮಿನಲ್ಲಿ ಅಮ್ಮನಿಗೆ ಸ್ನೇಹಿತೆಯರು ಸಿಕ್ಕಿದ್ದರಿಂದ ಬಿಡದೆ ಹೋದಳು.

ಮೂಳೆ ಡಾಕ್ಟರು ಇನ್ನೊಂದು ಮಾತು ಎತ್ತಿದರು. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿಯಿತು ಎಂದರೆ ಮೂಳೆಯೇ ಸವೆದಿರಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಎಷ್ಟೋ ಸಲ ಮಣಿಕಟ್ಟೇ ಮೊದಲ ಎಚ್ಚರಿಕೆ, ಇದನ್ನು ಬಿಟ್ಟರೆ ಮುಂದೆ ಬೆನ್ನುಮೂಳೆ, ಸೊಂಟ. ಸಾಂದ್ರತೆ ಅಳೆಯುವ ಮಷಿನ್ ಇಲ್ಲಿಲ್ಲ, ಚೀಟಿ ಬರೆದುಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ತಮ್ಮನ ಮಾತೂ ಹಾಗೆ ನಡೆಯಿತು! ಸೊಂಟ, ಬೆನ್ನು ಎರಡನ್ನೂ ಅಳೆದರು. ಎಳೇ ವಯಸ್ಸಿನ ಗಟ್ಟಿ ಮೂಳೆಗೆ ಹೋಲಿಸಿ ಟಿ-ಸ್ಕೋರ್ ಅಂತ ಒಂದು ಅಂಕಿ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ. ಅಮ್ಮನದು ಅದಕ್ಕಿಂತ ಕೆಳಗೇ ಇತ್ತು. ರಿಪೋರ್ಟ್ ಹಿಡಿದು ಮತ್ತೆ ಸಣ್ಣ ಆಸ್ಪತ್ರೆಗೆ ಬಂದೆವು. ಕಿಡ್ನಿ ಹೇಗಿದೆ, ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟಿದೆ ಅಂತ ರಕ್ತ ನೋಡಿ, ಹಲ್ಲು ಕೀಳಿಸುವುದೇನಾದರೂ ಇದ್ದರೆ ಮೊದಲೇ ಮುಗಿಸಿಕೊಳ್ಳಿ ಅಂತ ಹೇಳಿ, ವಾರಕ್ಕೊಂದು ಮಾತ್ರೆ ಬರೆದರು.

ಔಷಧಿ ಕೌಂಟರಿನಲ್ಲಿ ನಾನು ಎಂದಿನಂತೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಒಳಗಿದ್ದ ಹೆಣ್ಣುಮಗಳೇ ಕಿಟಕಿಗೆ ಬಗ್ಗಿದಳು. ನನ್ನನ್ನು ಬಿಟ್ಟು ಅಮ್ಮನಿಗೇ ಹೇಳಿದಳು. "ಅಜ್ಜಿ, ಇದು ದಿನಾ ಅಲ್ಲ. ವಾರಕ್ಕೊಂದೇ. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೇಲಿ, ಒಂದು ಲೋಟ ತುಂಬ ಬರೀ ನೀರಿನ ಜೊತೆ. ಅಗಿಯೋ ಹಾಗಿಲ್ಲ. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಮಲಗಿದ್ರೆ ಮಾತ್ರೆ ಗಂಟಲ ಕೆಳಗೆ ನಿಂತು ಅಲ್ಲೇ ಹುಣ್ಣು ಮಾಡುತ್ತೆ. ಕ್ಯಾಲ್ಸಿಯಂ ಮಾತ್ರೆ ಇದ್ರ ಜೊತೆ ಬೇಡ, ಆಮೇಲೆ. ಯಾವ ವಾರ ನುಂಗ್ತೀರಾ ಹೇಳಿ?"

"ಸೋಮವಾರ" ಅಂದಳು ಅಮ್ಮ.

ಅವಳು ಪೊಟ್ಟಣದ ಮೇಲೆ ದಪ್ಪ ಪೆನ್ನಿನಲ್ಲಿ ಸೋಮವಾರ ಅಂತ ಬರೆದು, "ಈಗ ನೀವು ಒಂದ್ಸಲ ಹೇಳಿ ನೋಡೋಣ" ಅಂದಳು. ಅಮ್ಮ ಎಲ್ಲ ಸರಿಯಾಗಿ ಒಪ್ಪಿಸಿದಳು. ಕ್ಯಾಲ್ಸಿಯಂ ಒಂದನ್ನು ಬಿಟ್ಟಿದ್ದಳು. ಅದನ್ನೂ ಹೇಳಿಸಿಕೊಂಡ ಮೇಲೆಯೇ ಆ ಹುಡುಗಿ ಪೊಟ್ಟಣ ಕೊಟ್ಟಿದ್ದು.